ಬಾಗಿಲಪ್ಪ

ಅವನ ಹೆಸರು ಗೋಡೆಯ ಮೇಲೆ ಐದನೆಯದಾಗಿ ಬರುತ್ತಿತ್ತು,
ನಾಯಕಿಯ ನಾಯಿಗಿಂತ ಒಂದು ಸಾಲು ಕೆಳಗೆ:
ಲೆಮುಯಲ್ ಹ್ಯಾಸ್ಕಿನ್.
ಇನಾಸ್ ಮಾಮ ಅಕ್ಷರ ಕೂಡಿಸಿ ಓದುವಷ್ಟರಲ್ಲಿ
ಕುದುರೆಗಾಡಿ ಬಂದುಬಿಡುತ್ತಿತ್ತು.
ನಮಗವನು ಬಾಗಿಲಪ್ಪ.
ಪೂವಪ್ಪ, ಬೋಜಪ್ಪ, ಪಳಂಗಪ್ಪ ಇರುವ ಪೇಟೆಯಲ್ಲಿ
ಬಾಗಿಲಪ್ಪ ಯಾಕಿರಬಾರದು?
‘ಯಾವ ಒಕ್ಕದವನು?’ ಎಂದು ಬೊಳ್ಳಮ್ಮಜ್ಜಿ
ನಿಜಕ್ಕೂ ಕೇಳಿದ್ದರು.

ಪಾಲಿಬೆಟ್ಟದ ದೊರೆ ಬಂಗಲೆ ಬಿಟ್ಟು ಹೋದ ವರ್ಷ
ಹರಾಜಿನಲ್ಲಿ ನಲವತ್ತು ರೂಪಾಯಿಗೆ ಸಿಕ್ಕ ಯಂತ್ರ,
ಜೊತೆಗೊಂದು ಇಲಿಬೋನು,
ಒಂದೇ ಒಂದು ಡಬ್ಬಿ ರೀಲು.
ಮುಚ್ಚಳ ತೆಗೆದರೆ ಕಾಚಂಪುಳಿಯ ಘಾಟು.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಹೊಲಿಗೆ ಮಿಷನ್ ರಿಪೇರಿಯ ಅಂಗಡಿ,
ಆ ಮಿಷನ್ನಿನದೇ ಬೆಲ್ಟು ಈ ಯಂತ್ರಕ್ಕೂ.
ಶನಿವಾರ ಎಂಟು ಗಂಟೆಗೆ ಸುಣ್ಣದ ಗೋಡೆ
ಅಮೆರಿಕವಾಗುತ್ತಿತ್ತು.

ಮೂಕಿ ಚಿತ್ರ. ಸದ್ದು ನಮ್ಮದು.
ಅಲಿಯಾರನಿಗೆ ಕುದುರೆ, ಎರಡು ತೆಂಗಿನ ಚಿಪ್ಪು.
ಉತ್ತಯ್ಯನಿಗೆ ಪಿಸ್ತೂಲು, ಬಿಸ್ಕತ್ತಿನ ಡಬ್ಬ.
ಸಿಸಿಲಿಯಾಳಿಗೆ ನಾಯಕಿಯ ಅಳು
(ಅವಳಿಗೆ ಅದು ಸುಲಭ, ಮನೆಯಲ್ಲೇ ಅಭ್ಯಾಸವಿತ್ತು).
ಎಲ್ಲ ಹಂಚಿ ಮುಗಿದ ಮೇಲೆ ಉಳಿದ ನನಗೆ
ಬಾಗಿಲು.
ಕಿರ್ರ್.
ಒಂಬತ್ತು ಸಲ ಕಿರ್ರ್, ಅಷ್ಟೇ.

ಹಾಗಾಗಿ ನಾಯಕನ ಮುಖ ಇವತ್ತಿಗೂ ನನಗೆ ನೆನಪಿಲ್ಲ.
ನಾನು ನೋಡಿದ್ದು ಒಂದು ಕೈಯನ್ನು,
ಬಿಳಿ ಕೈಗವಸಿನೊಳಗಿನ ಬಲಗೈಯನ್ನು.
ದೊಡ್ಡ ಟೋಪಿಯವರು ಬಂದರೆ
ಹೊಟ್ಟೆ ಒಳಗೆಳೆದುಕೊಂಡು ಅಗಲಕ್ಕೆ ತೆರೆಯುವನು.
ಸಾಲ ಕೇಳಲು ಬಂದವನಿಗೆ ನಾಲ್ಕೇ ಬೆರಳು,
ಹೆಬ್ಬೆರಳು ಅಗುಳಿಯ ಮೇಲೇ.
ಕುಡಿದು ಬಂದ ಯಜಮಾನನಿಗೆ
ತಟ್ಟುವ ಮೊದಲೇ ತೆರೆದು
ತಾನು ಗೋಡೆಯ ಚಿತ್ರವನ್ನು ನೋಡುತ್ತ ನಿಲ್ಲುವನು.

ಇನ್ನು ಆರನೆಯ ಬಾಗಿಲು.
ನಾಯಕಿ ಮನೆ ಬಿಟ್ಟು ಹೊರಟಿದ್ದಾಳೆ,
ಸಿಸಿಲಿಯಾ ಗೊಳೋ ಎನ್ನುತ್ತಿದ್ದಾಳೆ,
ಎಲ್ಲರ ಕಣ್ಣೂ ಅಂಗಳದಲ್ಲಿ.
ಅವನು ಮುಚ್ಚುತ್ತಾನೆ. ಮುಚ್ಚುತ್ತ ತಡೆಯುತ್ತಾನೆ.
ಅವಳ ಶಾಲಿನ ತುದಿ ಸಂದಿಯಲ್ಲಿ ಸಿಕ್ಕಿದೆ.
ಕೂದಲೆಳೆಯಷ್ಟು ತೆರೆದು, ತುದಿಯನ್ನು ಬಿಟ್ಟು,
ಮತ್ತೆ ಮುಚ್ಚುತ್ತಾನೆ.
ಹೀಗೆ ಮಾಡೆಂದು ಯಾರೂ ಅವನಿಗೆ ಹೇಳಿರಲಾರರು.
ಆ ಬಾಗಿಲಿಗೆ ಒಂದು ಕಿರ್ರ್ ಸಾಲದು:
ಕಿ… ಆಮೇಲೆ ಉಸಿರು… ಆಮೇಲೆ ರ್ರ್.
ಮೂರು ಶನಿವಾರ ತಪ್ಪಿದೆ.
ನಾಲ್ಕನೆಯದಕ್ಕೆ ಯಂತ್ರದ ಹಿಂದಿನಿಂದ ಇನಾಸ್ ಮಾಮ
‘ಹಾಂ’ ಎಂದರು.
ನನಗೆ ಆಮೇಲೆ ಸಿಕ್ಕ ಯಾವ ಸರ್ಟಿಫಿಕೇಟಿನಲ್ಲೂ
ಅಷ್ಟು ಬರೆದಿರಲಿಲ್ಲ.

ಒಂಬತ್ತನೆಯ ಬಾಗಿಲಲ್ಲಿ ರೀಲು ಹರಿದಿತ್ತು.
ಅವನು ಕಾಲರು ಸರಿಮಾಡಿಕೊಂಡು ತೆರೆಯುತ್ತಾನೆ,
ಮುಖಕ್ಕೆ ಬೆಳಕು ಬೀಳುತ್ತದೆ,
ತುಟಿಯ ಒಂದು ಕೊನೆ ಮೇಲೇಳುತ್ತದೆ,
ಬರೀ ಗೋಡೆ.
ಬಂದವರು ಯಾರು?
ಪೊಲೀಸು ಎಂದ ಉತ್ತಯ್ಯ.
ಹಾಲಿನವನು ಎಂದ ಅಲಿಯಾರ್, ಅವರಪ್ಪ ಹಾಲು ಹಾಕುತ್ತಿದ್ದರು.
ಹೊಡೆದಾಟವೇ ಆಯಿತು.

ಮಾಮನ ಮಗ ಯಂತ್ರವನ್ನು ತೂಕಕ್ಕೆ ಮಾರಿದ.
ರೀಲು ಬೆಲ್ಲದ ಅಚ್ಚಿನಂತೆ ಅಂಟಿಹೋಗಿತ್ತು.
ಡಬ್ಬಿ ನನ್ನಲ್ಲಿದೆ, ಗುಂಡಿಗಳನ್ನಿಟ್ಟಿದ್ದೇನೆ.
ತಂಗಿಯ ಮೊಮ್ಮಗಳು ಫೋನಿನಲ್ಲಿ ಹುಡುಕಿದಳು:
ಆ ಹೆಸರಿನವನೊಬ್ಬ ಟಯರು ಮಾರುತ್ತಾನಂತೆ.
ನಮ್ಮವನ ಒಂದು ಫೋಟೋ ಇಲ್ಲ,
ಹುಟ್ಟಿದ ಇಸವಿ ಇಲ್ಲ, ಸತ್ತದ್ದೂ ಇಲ್ಲ.
‘ಅಜ್ಜೀ, ಅವನು ಇದ್ದದ್ದು ಖಾತ್ರಿಯಾ?’

ಹೋದ ಮಂಗಳವಾರ ಕಣ್ಣು ತೋರಿಸಲು ಮಡಿಕೇರಿಗೆ ಹೋಗಿದ್ದೆ.
ಹೊಸ ಆಸ್ಪತ್ರೆಯ ಗಾಜಿನ ಬಾಗಿಲು
ಯಾರ ಕೈಯೂ ಇಲ್ಲದೆ, ಸದ್ದಿಲ್ಲದೆ ತೆರೆಯಿತು.
ಕಿರ್ರ್ ಎಂದೆ.
ಕಾವಲಿನ ಹುಡುಗ ತಿರುಗಿ ನೋಡಿದ.
ನಾನು ಒಳಗೆ ಬಂದೆ.
ಬಾಗಿಲು ಒಂದೇ ಏಟಿಗೆ ಮುಚ್ಚಿಕೊಂಡಿತು,
ಸೆರಗು ಎಲ್ಲಿದೆ ಎಂದು ನೋಡದೆ.